ಟೇಬಲ್ಲಿಗೆ ಒಡೆದ ಕಾಯಿ

ಇದನ್ನು ಬರೆಯಲು ಕೂತು ಎದ್ದದ್ದು ಎಷ್ಟು ಸಲವೋ. ಒಮ್ಮೆ ಮೊಣಕಾಲು ನೋವು ಅಂದೆ, ಇನ್ನೊಮ್ಮೆ ಕಣ್ಣಿಗೆ ಪೊರೆ ಬಂದಿದೆ ಅಂದೆ. ಪೊರೆ ತೆಗೆಸಿ ವರ್ಷವಾಯಿತು. ಈಗ ಎಲ್ಲವೂ ನಿಚ್ಚಳವಾಗಿ ಕಾಣುತ್ತದೆ, ನಾನು ಮಾಡಿದ್ದೂ ಸೇರಿ. ಜನರ ಎದುರಿಗೆ ಒಂದು ಸುಳ್ಳು ಹೇಳಿದೆ. ಅದರಿಂದ ನೊಂದವರಲ್ಲಿ ಒಬ್ಬರ ಕ್ಷಮೆಯನ್ನು ಇಂದಿಗೂ ಕೇಳಿಲ್ಲ.

ಮೆಟ್ರಿಕ್ ಮುಗಿಸಿ ಬಸ್ ಕಂಡಕ್ಟರ್ ಆಗಿ, ಕೊಪ್ಪಳ, ಕುಷ್ಟಗಿ, ಗಂಗಾವತಿ ರಸ್ತೆಗಳಲ್ಲಿ ನಿಂತುಕೊಂಡೇ ನೌಕರಿ ಮುಗಿಸಿದವನು ನಾನು. ನಿವೃತ್ತಿಯಾದ ಮೇಲೆ ಯಲಬುರ್ಗಾದ ನಮ್ಮ ಓಣಿಯ ವಾಚನಾಲಯವನ್ನು ನೋಡಿಕೊಳ್ಳುವ ಕೆಲಸ ಹಿಡಿದೆ. ಬಾಗಿಲು ತೆಗೆಯುವುದು, ಪೇಪರು ಹರಡುವುದು, ಪೇಪರಿನ ಮೇಲೆ ಮಲಗಿದವರನ್ನು ಎಬ್ಬಿಸುವುದು.

ಅಲ್ಲಿಗೆ ಗಂಗಾವತಿ ಕಡೆಯ ಒಬ್ಬ ಹುಡುಗಿ ಟೆಂಪೋದಲ್ಲಿ ಒಂದು ಟೇಬಲ್ ತಂದಳು. ದೊಡ್ಡ ಓದು ಓದುತ್ತಿದ್ದ ಹುಡುಗಿ. ಟೇಬಲ್ ಮೊಣಕಾಲೆತ್ತರ, ಅಗಲ ಮಾತ್ರ ಮಂಚದಷ್ಟು, ಮೇಲೆಲ್ಲ ಗಾಜು. ಸ್ವಿಚ್ ಒತ್ತಿದಾಗ ಗಾಜೇ ಬೆಳಗಿತು. ಅದು ಕಂಪ್ಯೂಟರ್ ಅಂತೆ. ಗುಂಡಿಗಳ ಹಲಗೆಯಿಲ್ಲ, ಮೌಸಿಲ್ಲ, ಬೆರಳಿಟ್ಟರೆ ಕೆಲಸ.

ಅಲ್ಲಿಯವರೆಗೆ ಕಂಪ್ಯೂಟರ್ ಅಂದರೆ ನನಗೆ ಬ್ಯಾಂಕಿನಲ್ಲಿ, ತಹಸೀಲ್ದಾರ್ ಕಚೇರಿಯಲ್ಲಿ ನಮ್ಮ ಕಡೆ ಬೆನ್ನು ಮಾಡಿ ನಿಂತಿರುವ ಪೆಟ್ಟಿಗೆ. ಅದರ ಮುಖವನ್ನು ನೋಡುವ ಭಾಗ್ಯ ಆಚೆ ಕೂತವರಿಗೆ ಮಾತ್ರ.

"ಇನ್ನ ಮುಂದ ಹಂಗಿರೂದಿಲ್ಲರಿ ಅಜ್ಜಾರ," ಅಂದಳು ಹುಡುಗಿ. "ನಾಕ ಮಂದಿ ಸುತ್ತ ಕುಂತು, ಒಂದ ಪರಾತದಾಗ ಉಂಡಂಗ, ಕೂಡಿ ಕೆಲಸ ಮಾಡ್ತಾರ. ನಮ್ಮ ಮಂದಿ ಹೆಂಗ ಮಾಡ್ತಾರ ಅಂತ ನಾ ನೋಡಬೇಕು."

ಒಂದು ತಿಂಗಳ ನಂತರ ಅವಳಿಗೆ ಕಲಿಸುವ ಹಿರಿಯರು ಟೇಬಲ್ ನೋಡಲು ಬರುವವರಿದ್ದರು. ಜನ ಕೂಡಿ ಬಳಸುತ್ತಿದ್ದಾರೆ ಅನ್ನಿಸಿದರೆ ಟೇಬಲ್ ನಮ್ಮಲ್ಲೇ ಉಳಿಯುತ್ತದೆ, ಇಲ್ಲವಾದರೆ ಟೆಂಪೋ ಹತ್ತುತ್ತದೆ.

ನಾನು ಕಂಡಕ್ಟರ್ ಬುದ್ಧಿ ಬಿಡಲಿಲ್ಲ. ಮೊದಲ ದಿನವೇ ಸಾಲು ಹಚ್ಚಿ ನಿಲ್ಲಿಸಿದೆ. ಒಬ್ಬೊಬ್ಬರೇ ಬರಬೇಕು, ಕೈ ತೊಳೆದಿರಬೇಕು. ಗಂಡಸರೆಲ್ಲ ಅಕ್ಷರ ನೆಟ್ಟಗೆ ಕಾಣುವ ಒಂದೇ ಬದಿಗೆ ನುಗ್ಗಿದರು, ಕಿಟಕಿ ಸೀಟಿಗೆ ಮುಗಿಬಿದ್ದಂತೆ. ಉಳಿದ ಮೂರು ಬದಿ ಖಾಲಿ. ಹುಡುಗಿ ಗಲ್ಲಕ್ಕೆ ಕೈ ಹಚ್ಚಿ ಕೂತಳು.

ಅದೇ ವಾರ ನನ್ನ ಹೆಂಡತಿ ಬುತ್ತಿ ತಂದಳು, ಹಿಂದೆ ಅವಳ ಮೂವರು ಗೆಳತಿಯರು. ನಾಲ್ವರೂ ಸೇರಿ ಹಳೆ ಸೀರೆ, ಧೋತರಗಳ ತುಂಡು ಜೋಡಿಸಿ ಕೌದಿ ಹೊಲಿಯುವವರು. ಕೌದಿ ಹೊಲಿಯುವಾಗ ಬಟ್ಟೆಯನ್ನು ನೆಲಕ್ಕೆ ಹಾಸಿ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಅಂಚಿನಿಂದ ನಡುವಿಗೆ ಹೊಲಿಯುತ್ತ ಬರುತ್ತಾರೆ. ಟೇಬಲ್ ಕಂಡ ಕೂಡಲೇ, ಯಾರೂ ಹೇಳದೆಯೇ, ನಾಲ್ಕು ಬದಿಗೆ ನಾಲ್ವರು ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು.

"ಏ, ಸಾಲು, ಸಾಲು! ಅಲ್ಲಿಂದ ನೋಡಿದ್ರ ಅಕ್ಷರ ತಲಿಕೆಳಗ ಕಾಣ್ತಾವ!" ಅಂದೆ.

"ನಮಗ ಯಾವ ಕಡಿಂದ ನೋಡಿದ್ರೂ ಅಷ್ಟ ಬಿಡ್ರಿ," ಅಂದಳು ನನ್ನ ಹೆಂಡತಿ. ಗೆಳತಿಯರು ಬಿದ್ದು ಬಿದ್ದು ನಕ್ಕರು.

ಹುಡುಗಿಯ ಮುಖ ಅರಳಿತು. ಅವರ ಬಟ್ಟೆ ತುಂಡುಗಳ ಫೋಟೋ ತೆಗೆದು ಗಾಜಿನೊಳಗೆ ಹಾಕಿದಳು. ಬೆರಳಿನಿಂದ ಎಳೆದರೆ ತುಂಡು ಬರುತ್ತದೆ, ಎರಡು ಬೆರಳಿಟ್ಟು ತಿರುವಿದರೆ ತಿರುಗುತ್ತದೆ. ಕತ್ತರಿ ಹಾಕುವ ಮುಂಚೆಯೇ ಕೌದಿ ಹೇಗೆ ಕಾಣುತ್ತದೆ ಎಂದು ನೋಡಬಹುದು. ಮೊದಮೊದಲು ಭಾರಿ ಗದ್ದಲ. ಒಬ್ಬಳು ಇಟ್ಟದ್ದನ್ನು ಇನ್ನೊಬ್ಬಳು ಎಳೆಯುವಳು. "ನನ್ನ ಇಳಕಲ್ಲ ಸೀರಿ ಯಾಕ ಕಸಗೊಂಡಿ?" "ಗಾಜಿನ್ಯಾಗಿನ ಸೀರಿ ಉಟಗೊಂಡು ಎಲ್ಲಿ ಹೊಂಟಿದ್ದಿ, ಸುಮ್ನಿರ!" ಒಬ್ಬಾಕೆ ತುಂಡು ಅಂಟಲೆಂದು ಗಾಜಿಗೆ ಉಗುಳು ಹಚ್ಚಲು ಹೋದಳು. ನನ್ನ ಹೆಂಡತಿ ಅವಳ ಕೈ ಹಿಡಿದು, "ಲಕೋಟಿ ಅಲ್ಲಬೇ ಅದು," ಅಂದಳು.

ಆ ದಿನಗಳಲ್ಲಿ ನನ್ನ ಹೆಂಡತಿ ಬೇಗ ಅಡಿಗೆ ಮುಗಿಸಿ, ನನಗಿಂತ ಮುಂಚೆ ಹೊರಟು ನಿಲ್ಲುತ್ತಿದ್ದಳು. ಮದುವೆಯಾದಾಗಿನಿಂದ ಅವಳಿಗೆ ಹೋಗಲು ತನ್ನದೇ ಅಂತ ಒಂದು ಜಾಗ ಇದ್ದದ್ದು ಅದೇ ಮೊದಲು. ಇದು ನನಗೆ ಆಗ ಹೊಳೆಯಲಿಲ್ಲ. ಹೊಳೆದದ್ದು ಬೇರೆ: ಹುಡುಗಿ ನನಗೆ ಅಜ್ಜಾರ ಅನ್ನುತ್ತಾಳೆ, ಇವಳಿಗೆ ಅಮ್ಮಾರ ಅನ್ನುತ್ತಾಳೆ, ಇವಳ ಮಾತನ್ನು ಬರೆದುಕೊಳ್ಳುತ್ತಾಳೆ. ನನ್ನ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ.

ಹಿರಿಯರು ಬರುವ ದಿನ ಅಮಾವಾಸ್ಯೆ ಬಿತ್ತು. ನಮ್ಮ ಕಡೆ ಅಮಾವಾಸ್ಯೆಗೆ ಅಂಗಡಿಯ ತಕ್ಕಡಿಗೂ, ಹಿಟ್ಟಿನ ಗಿರಣಿಗೂ, ಟ್ರ್ಯಾಕ್ಟರಿಗೂ ಪೂಜೆ. ಬಸ್ಸಿಗೆ ಕಾಯಿ ಒಡೆಯುತ್ತಿದ್ದವನು ನಾನೇ. ಇಷ್ಟು ದೊಡ್ಡ ಯಂತ್ರಕ್ಕೆ ಒಂದು ಕಾಯಿ ಇಲ್ಲವೆಂದರೆ ಹೇಗೆ? ಹೆಂಡತಿ ತನ್ನ ಕೈಯಾರೆ ಚೀಲದಲ್ಲಿ ಕಾಯಿ ಹಾಕಿ ಕೊಟ್ಟು, "ಹೊಸ್ತಿಲಕ್ಕ ಒಡೀರಿ, ಗಾಜಿನ ಹಂತ್ಯಾಕ ಹೋಗಬ್ಯಾಡ್ರಿ," ಅಂದು ಕಳಿಸಿದಳು.

ಹೊಸ್ತಿಲಿಗೆ ಒಡೆದರೆ ಹೊಸ್ತಿಲಿಗೆ ಮುಟ್ಟುತ್ತದೆ, ಟೇಬಲ್ಲಿಗೆ ಹೇಗೆ ಮುಟ್ಟೀತು? ಬೇಗ ಹೋಗಿ ಟೇಬಲ್ಲಿಗೆ ವಿಭೂತಿ ಬಳಿದೆ, ಕುಂಕುಮ ಇಟ್ಟೆ, ಸ್ವಿಚ್ ಒತ್ತಿದೆ. ದೇವರು ಎಚ್ಚರಿರಲಿ ಅಂತ. ಪಕ್ಕದಲ್ಲಿ ಕಲ್ಲಿಟ್ಟು ಕಾಯಿ ಒಡೆದು, ಎರಡೂ ಹೋಳು ಎತ್ತಿ ಬೆಳಗುವಾಗ ನೀರೆಲ್ಲ ಗಾಜಿನ ಮೇಲೆ ಸುರಿಯಿತು.

ಟೇಬಲ್ಲಿಗೆ ದೇವರು ಮೈದುಂಬಿದಂತಾಯಿತು. ನೀರಿನ ಪ್ರತಿ ಹನಿಯನ್ನೂ ಅದು ಬೆರಳು ಅಂತಲೇ ತಿಳಿಯಿತು. ನೂರು ಕೈಗಳು ಒಮ್ಮೆಲೇ ಮುಟ್ಟಿದಂತೆ ಸೀರೆ ತುಂಡುಗಳು ಗಿರಗಿರ ತಿರುಗಿದವು, ಹಿಗ್ಗಿದವು, ಮೂಲೆಗೆ ಓಡಿದವು. ನಾನು ಕೈ ಮುಗಿದೆ. ನಿಲ್ಲಲಿಲ್ಲ. ಹೆಗಲ ವಸ್ತ್ರದಿಂದ ಒರೆಸಿದೆ. ಕುಂಕುಮವೆಲ್ಲ ರಾಡಿಯಾಗಿ ಅಂಚಿನ ಸಂದಿಗೆ ಇಳಿಯಿತು. ಹೋಳುಗಳನ್ನು ಚೀಲಕ್ಕೆ ತುರುಕಿ ಕುರ್ಚಿಯ ಹಿಂದೆ ಅಡಗಿಸುವಷ್ಟರಲ್ಲಿ ಎಲ್ಲರೂ ಬಂದರು. ಹುಡುಗಿ, ಅವಳ ಹಿರಿಯರು, ವಾಚನಾಲಯದ ಅಧ್ಯಕ್ಷರು, ಆ ನಾಲ್ವರು ಹೆಂಗಸರು. ನನ್ನ ಹೆಂಡತಿ ಉಟ್ಟಿದ್ದು ಮಗಳ ಮದುವೆಯ ಸೀರೆ.

ಅವಳು ಬೆರಳಿಟ್ಟಳು. ಟೇಬಲ್ ಕೇಳಲಿಲ್ಲ, ತನ್ನಷ್ಟಕ್ಕೆ ತಾನು ಕುಣಿಯುತ್ತಿತ್ತು.

"ಇದಕ್ಕ ನೀರು ಬಿದ್ದೈತಿ. ಯಾರ ಕೆಲಸ?" ಅಂದರು ಅಧ್ಯಕ್ಷರು.

ಎಲ್ಲರೂ ನನ್ನನ್ನು ನೋಡಿದರು. ನನ್ನ ಬಾಯಿ ತಾನೇ ಹೇಳಿತು: "ಈ ಹೆಣ್ಮಕ್ಕಳದ ರಿ. ನಿನ್ನಿ ಚಾ ಕುಡದ ಕೈಲೆ ಮುಟ್ಯಾರ. ಬ್ಯಾಡ ಅಂದ್ರ ನಮ್ಮ ಮನ್ಯಾಕಿನ ಕೇಳಲಿಲ್ಲ."

ನನ್ನ ಹೆಂಡತಿ ಕುರ್ಚಿಯ ಹಿಂದಿನ ಚೀಲ ನೋಡಿದಳು. ಚೀಲ ಅವಳದೇ. ಒಂದು ಮಾತು ಹೇಳಿದ್ದರೆ ನನ್ನ ಮರ್ಯಾದೆ ಅಲ್ಲೇ ಮುಗಿಯುತ್ತಿತ್ತು. ಸೆರಗು ಸರಿಮಾಡಿಕೊಂಡು, "ನಡೀರೇ," ಅಂದು ಗೆಳತಿಯರನ್ನು ಕರೆದುಕೊಂಡು ಹೊರಗೆ ನಡೆದಳು. ಇನ್ನು ಮುಂದೆ ಹೆಂಗಸರು ಟೇಬಲ್ ಮುಟ್ಟಕೂಡದು ಎಂದು ಅಧ್ಯಕ್ಷರು ಕಟ್ಟಪ್ಪಣೆ ಮಾಡಿದರು.

ಮರುದಿನ ಹುಡುಗಿ ಅಂಚು ಬಿಚ್ಚಿದಳು. ಒಳಗೆ ಒಣಗಿದ ಕುಂಕುಮ, ಒಂದಿಷ್ಟು ತೆಂಗಿನ ನಾರು. ನನ್ನ ಕಡೆ ನೋಡಿದಳು. "ಚಾಕ್ಕ ಕುಂಕುಮ ಹಾಕ್ತೀರೇನ್ರಿ ಅಜ್ಜಾರ, ನಿಮ್ಮ ಮನ್ಯಾಗ?"

ಅವಳ ಕೈ ಹಿಡಿದು ತಪ್ಪಾಯಿತು ಅಂದೆ. ಅವಳು ಅತ್ತು, ಆಮೇಲೆ ನಕ್ಕಳು. ಅಧ್ಯಕ್ಷರ ಮನೆಗೂ ಹೋಗಿ ಒಪ್ಪಿಕೊಂಡೆ. ಕಾಯಿ ಒಡೆದ ಕಥೆ ಕೇಳಿ ನಗು ತಡೆಯಲಾಗದೆ ಅವರ ಬಾಯೊಳಗಿನ ಎಲೆಅಡಿಕೆ ಅಂಗಿಯ ಮೇಲೆ ಬಿತ್ತು. ಕಟ್ಟಪ್ಪಣೆ ರದ್ದಾಯಿತು. ಹುಡುಗಿ ಟೇಬಲ್ ಒರೆಸಿ ಸರಿಮಾಡಿ ತನ್ನ ಹಿರಿಯರಿಗೆ ತಿಳಿಸಿ ಹೇಳಿದಳು, ಟೇಬಲ್ ಉಳಿಯಿತು. ಮೂವರು ಗೆಳತಿಯರ ಮನೆಗೂ ಹೋಗಿ ತಪ್ಪಾಯಿತು ಅಂದೆ, ಅವರು ಮತ್ತೆ ಬಂದು ಕೂತರು. ಈಗ ಅದರ ಮೇಲೆ ಮಕ್ಕಳು ನಕಾಶೆ ನೋಡುತ್ತಾರೆ, ರೈತರು ಪೇಟೆ ಧಾರಣೆ ನೋಡುತ್ತಾರೆ, ಗಂಡಸರೂ ನಾಲ್ಕು ಬದಿಗೆ ಕೂರುವುದನ್ನು ಕಲಿತಿದ್ದಾರೆ. ನನ್ನ ಹೆಂಡತಿಯ ಬದಿ ಮಾತ್ರ ಖಾಲಿ.

ಮನೆಯಲ್ಲಿ ಸಿಟ್ಟಿಲ್ಲ, ಸೆಡವಿಲ್ಲ. ಊಟಕ್ಕೆ ಕರೆಯುತ್ತಾಳೆ, ನಗುತ್ತಾಳೆ. ಗಾಜಿನೊಳಗೆ ಅವಳು ಕೌದಿಯ ನಟ್ಟನಡುವೆ ಇಟ್ಟಿದ್ದದ್ದು ನನ್ನ ಕಂಡಕ್ಟರ್ ಅಂಗಿಯ ಖಾಕಿ ತುಂಡು. ನಿಜವಾದ ಕೌದಿ ಹೊಲಿದು ಮುಗಿಸಿದಾಗ ನೋಡಿದರೆ ಖಾಕಿ ಕೆಳಗಿನ ಅಂಚಿಗೆ ಹೋಗಿದೆ. ದಿನಾ ರಾತ್ರಿ ಅವಳ ಕಾಲು ಅದರ ಮೇಲೆಯೇ.

ಕಳೆದ ವಾರ ಹುಡುಗಿ ಫೋನ್ ಮಾಡಿದಳು. ಇನ್ನೊಂದು ಟೇಬಲ್ ತಯಾರಾಗಿದೆಯಂತೆ. ಅದನ್ನು ಮುಟ್ಟುವುದೂ ಬೇಡ, ಮೇಲೆ ಕೈ ಆಡಿಸಿದರೆ ಸಾಕು, ತಿಳಿದುಕೊಳ್ಳುತ್ತದೆ. "ಅಮ್ಮಾರು ಬಂದು ಕುಂತ್ರ ಯಲಬುರ್ಗಾಕ್ಕ ತರ್ತೀನಿ. ಇಲ್ಲಂದ್ರ ಕುಷ್ಟಗಿಗೆ ಒಯ್ತೀನ್ರಿ."

ಅಡಿಗೆಮನೆಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಆ ಹುಡುಗಿ ಫೋನ್ ಮಾಡಿದ್ಲು," ಅಂದೆ.

"ನನಗೂ ಮಾಡಿದ್ಲು."

"ಏನಂದಿ?"

"ನಮ್ಮ ಮನ್ಯಾರು ನನಗ ಒಂದ ಮಾತು ಹೇಳೂದೈತಿ, ಅದು ಮುಗೀಲಿ, ಬರ್ತೀನಿ ಅಂದೆ."

ನಾನು ಬಾಯಿ ತೆರೆದೆ. ಬಂದದ್ದು, "ರೊಟ್ಟಿ ಭಾಳ ಛಲೋ ಆಗ್ಯಾವ."

"ಇನ್ನೂ ಒಂದೂ ತಿಂದಿಲ್ಲಲ್ರಿ," ಅಂದು ಅವಳು ಗೋಡೆ ಕಡೆ ತಿರುಗಿ ನಕ್ಕಳು. ಭುಜ ಕುಲುಕುತ್ತಿದ್ದವು.

ಬಾಯಿಗೆ ಬಾರದ್ದು ಕೈಗಾದರೂ ಬರಲಿ ಎಂದು ಇಲ್ಲಿ ಬರೆದಿದ್ದೇನೆ. ಅವಳಿಗೆ ಓದಲು ಬರುವುದಿಲ್ಲ, ಹಾಗಾಗಿ ಇದನ್ನು ಅವಳೆದುರು ಕೂತು ನಾನೇ ಗಟ್ಟಿಯಾಗಿ ಓದಬೇಕು. ತಪ್ಪಿಸಿಕೊಳ್ಳುವ ದಾರಿಯಿಲ್ಲ. ನಾನು ಇನ್ನೂ ಕ್ಷಮೆ ಕೇಳದೆ ಉಳಿಸಿಕೊಂಡಿರುವುದು ನನ್ನ ಹೆಂಡತಿಯನ್ನು.