ದುರುಗಮ್ಮ ಬಿಚ್ಚದೆ ಬಿಟ್ಟ ಗಂಟು

ಕೊಕ್ಕನೂರಿನ ದುರುಗಮ್ಮನಿಗೆ ಗಂಟು ಕಂಡರೆ ಕೈ ಸುಮ್ಮನಿರುವುದಿಲ್ಲ. ಊರಲ್ಲಿ ಯಾರಿಗೇ ಹೆರಿಗೆ ನೋವು ಬಂದರೂ ಮೊದಲು ಆಕೆಗೆ ಹೇಳಿಕಳಿಸುತ್ತಿದ್ದರು. ಆಕೆ ಸೂಲಗಿತ್ತಿಯಲ್ಲ, ಆಕೆಯ ಕೆಲಸ ಬಿಚ್ಚುವುದು. ಮನೆಯಲ್ಲಿ ಗಂಟು ಬಿಗಿದಿದ್ದರೆ ಕೂಸಿನ ದಾರಿಯೂ ಬಿಗಿಯುತ್ತದೆ ಎಂಬುದು ಹಿರಿಯರ ಮಾತು. ಬಸುರಿಯ ಜಡೆ, ಟ್ರಂಕಿನ ಬೀಗ, ಜೋಳದ ಚೀಲದ ಬಾಯಿ, ಎಮ್ಮೆಯ ಕಣ್ಣಿ, ಎಲ್ಲ ಬಿಚ್ಚಿಸುತ್ತಿದ್ದಳು. ಒಂದು ಸಲ ಎಮ್ಮೆ ಹರಿಹರದ ರಸ್ತೆ ಹಿಡಿಯಿತು. ಕೂಸು ಸುಖವಾಗಿ ಹುಟ್ಟಿತು, ಎಮ್ಮೆ ಮರುದಿನ ಸಿಕ್ಕಿತು, ದುರುಗಮ್ಮನ ಹೆಸರಿಗೆ ಕುಂದು ಬರಲಿಲ್ಲ.

ಮಗಳು ಚೌಡೇಶ್ವರಿಗೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಮೂರನೆಯದು ನಿಂತಿತು. ದಾವಣಗೆರೆಯ ನರ್ಸಿಂಗ್ ಹೋಮಿಗೆ ಸೇರಿಸಿದ ಬೆಳಿಗ್ಗೆಯೇ ದುರುಗಮ್ಮ ಅಳಿಯ ಗುರುಮೂರ್ತಿಗೆ ಫೋನ್ ಮಾಡಿದಳು.

"ಮನೆ ಬೀಗ ತೆಗದ್ರೇನ್ರಿ ಅಳಿಯಂದ್ರೆ?"

"ತೆಗ್ದೀನ್ರಿ ಅತ್ತೆ."

"ಬೀರುಂದು?"

"ಅದೂ ತೆಗ್ದೀನಿ."

"ಹಂಗಾರೆ ಮನೆ ಬಿಟ್ಟು ಬರಬ್ಯಾಡ್ರಿ, ಕಳ್ರು ಹೊಕ್ಕಾರು."

ಹೀಗಾಗಿ ತಂದೆಯಾಗುವವನು ದೇವರಾಜ ಅರಸು ಬಡಾವಣೆಯಲ್ಲಿ ತೆರೆದ ಬಾಗಿಲು ಕಾಯುತ್ತ ಕೂತ.

ಹೆರಿಗೆ ಕೋಣೆಯಲ್ಲಿ ಚೌಡೇಶ್ವರಿಯ ಹೊಟ್ಟೆಗೆ ಪಟ್ಟಿಯೊಂದನ್ನು ಸುತ್ತಿದ್ದರು. ಅದರಡಿಯ ಬಿಲ್ಲೆ ಕೂಸಿನ ಎದೆಬಡಿತವನ್ನು ಹಿಡಿದು ಪಕ್ಕದ ಮಷಿನ್ನಿಗೆ ಕೊಡುತ್ತಿತ್ತು. ಯಾರೋ ಅವಸರದಲ್ಲಿ ಹೊಲಿಗೆ ಯಂತ್ರ ತುಳಿದಂತೆ ಸದ್ದು. ಪಟ್ಟಿಯ ಕೊಕ್ಕೆ ಮುರಿದಿದ್ದರಿಂದ ನರ್ಸ್ ನುಜತ್ ಅದನ್ನು ಗಂಟು ಹಾಕಿ ಕೂರಿಸಿದ್ದಳು. ಮಗಳ ಪಕ್ಕದಲ್ಲೇ ನಿಂತಿದ್ದ ದುರುಗಮ್ಮ ಬಹಳ ಹೊತ್ತು ತಡೆದುಕೊಂಡಳು. ನೋವು ಏರುತ್ತಿತ್ತು, ಹೆರಿಗೆ ಮಾತ್ರ ಮುಂದಕ್ಕೆ ಸಾಗಲಿಲ್ಲ. ನುಜತ್ ಆಚೆ ಹಾಸಿಗೆಯತ್ತ ತಿರುಗಿದಾಗ ದುರುಗಮ್ಮ ಆ ಗಂಟನ್ನು ಬಿಚ್ಚಿಯೇಬಿಟ್ಟಳು. ಮಷಿನ್ ಸುಮ್ಮನಾಯಿತು.

"ಈಗ ಹಗುರಾತು ನೋಡು," ಎಂದಳು ಮಗಳಿಗೆ.

ಸದ್ದಿಲ್ಲದ್ದನ್ನು ಗಮನಿಸಿ ನುಜತ್ ಓಡಿಬಂದಳು. "ಯಾರು ಬಿಚ್ಚಿದ್ದು?"

"ನಾನೇ ಕಣಮ್ಮ. ಹೆರಿಗಿ ಹೊತ್ತಿಗೆ ಗಂಟು ಇರಬಾರ್ದು."

"ಅಮ್ಮಾ, ಕೂಸು ನಮ್ಜೊತೆ ಮಾತಾಡೋದೇ ಇದ್ರಾಗೆ. ನೀವು ಅದ್ರ ಬಾಯಿ ಮುಚ್ಚಿದ್ರಿ."

ಪಟ್ಟಿ ಮತ್ತೆ ಬಿಗಿದಳು. ಸದ್ದು ಬಂತು, ಆದರೆ ಬೇರೆ ಸದ್ದು. ತುಳಿಯುವವಳ ಕಾಲು ಸೋತಂತೆ. ತಾಯಿಯ ನಾಡಿಯೇ ಕೇಳಿಸುತ್ತಿದೆಯೋ ಎಂದು ನುಜತ್ ಚೌಡೇಶ್ವರಿಯ ಮಣಿಕಟ್ಟು ಹಿಡಿದು ನೋಡಿದಳು. ತಾಯಿಯದಲ್ಲ. ನೋವು ಬಂದಾಗ ಬಡಿತ ಇನ್ನೂ ಕುಸಿಯಿತು, ನೋವು ಹೋದ ಮೇಲೂ ಏಳಲಿಲ್ಲ. ಬಾಣಂತಿಯಾಗಬೇಕಾದವಳನ್ನು ಎಡಮಗ್ಗುಲಿಗೆ ಹೊರಳಿಸಿ ಡಾಕ್ಟರಮ್ಮನನ್ನು ಕೂಗಿದಳು.

"ಹೊಕ್ಕುಳಬಳ್ಳಿ ಒತ್ತಿಕೊಂಡಿರಬೇಕು," ಎಂದರು ಡಾಕ್ಟರಮ್ಮ. "ಆಪರೇಷನ್ನಿಗೆ ಕರ್ಕೊಂಡು ನಡೀರಿ."

ಹೊರಗೆ ಬೆಂಚಿನ ಮೇಲೆ ಕೂತ ದುರುಗಮ್ಮನಿಗೆ ಬಿಚ್ಚಿದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಮಷಿನ್ ಸುಮ್ಮನಿದ್ದಷ್ಟು ಹೊತ್ತು ಕೂಸು ಒಳಗೆ ಒದ್ದಾಡಿತ್ತು, ತಾನು ಹಗುರಾಯಿತು ಎಂದಿದ್ದಳು. ಮತ್ತೆ ಫೋನ್ ಮಾಡಿದಳು.

"ಅಳಿಯಂದ್ರೆ, ಬೀಗ ಹಾಕ್ಕಂಡು ಬರ್ರಿ."

"ಹೆರಿಗೆ ಆತೇನ್ರಿ?"

"ಇಲ್ಲ. ನೀವು ಬರ್ರಿ."

ಅವನು ಬರುವ ಮೊದಲೇ ಕೂಸು ಅತ್ತಿತು. ಹೆಣ್ಣು ಕೂಸು. ಡಾಕ್ಟರಮ್ಮ ಹೊರಗೆ ಬಂದು ಹೇಳಿದರು: "ಬಳ್ಳಿಯಲ್ಲೇ ಒಂದು ಗಂಟು ಬಿದ್ದಿತ್ತಮ್ಮ. ನೋವು ಬಂದಾಗೆಲ್ಲ ಬಿಗೀತಿತ್ತು."

"ನಾನು ಪಟ್ಟಿ ಬಿಚ್ಚಿದ್ದಕ್ಕೇನ್ರಿ?"

"ಅಲ್ಲ, ಅದು ಎಂದೋ ಬಿದ್ದ ಗಂಟು. ನೀವು ಬಿಚ್ಚಿದ್ದಕ್ಕೆ ನಮಗೆ ಕೇಳಿಸ್ಲಿಲ್ಲ. ಇನ್ನೊಂದಿಷ್ಟು ಹೊತ್ತು ಕೇಳದಿದ್ದಿದ್ರೆ..." ಮಾತು ಅಲ್ಲಿಗೇ ಬಿಟ್ಟರು. ಉಳಿದದ್ದು ದುರುಗಮ್ಮನಿಗೆ ಅರ್ಥವಾಯಿತು.

ಊರವರು ಈಗಲೂ ಆಕೆಯನ್ನು ಕರೆಯುತ್ತಾರೆ. ಆಸ್ಪತ್ರೆಗೇ ಬಂದು ಜಡೆ ಬಿಚ್ಚುತ್ತಾಳೆ, ಬ್ಯಾಗಿನ ಜಿಪ್ಪು ಎಳೆಯುತ್ತಾಳೆ, ಬಂದವರ ಟಿಫಿನ್ ಡಬ್ಬಿಯನ್ನೂ ಬಿಡುವುದಿಲ್ಲ. ಮೊನ್ನೆ ಪಕ್ಕದ ಮನೆಯ ಕಾಟಮ್ಮ ಸೊಸೆಯ ಹೊಟ್ಟೆಯ ಮೇಲಿನ ಪಟ್ಟಿ ತೋರಿಸಿದಳು.

"ದುರುಗಕ್ಕ, ಇದೊಂದು ಗಂಟು ಉಳೀತಲ್ಲ?"

ದುರುಗಮ್ಮ ಗಂಟನ್ನು ಜಗ್ಗಿ, ಬಿಗಿಯಾಗಿದೆ ಎಂದು ಖಾತ್ರಿ ಮಾಡಿಕೊಂಡಳು.

"ಅದನ್ನ ಮುಟ್ಟಬ್ಯಾಡ. ಸುಮ್ನೆ ಕೂಡು, ಕೂಸು ಮಾತಾಡಾಕತ್ತೈತೆ."