ಚಕ್ಕೋತದ ಗೂಟಿ, ಅಪ್ಪನ ಬಲಗೈ

ಲಾಳಿ ನಿಂತಿತು.

ಮಗ್ಗದ ಸದ್ದು ನಡುವೆ ನಿಂತರೆ ನಮ್ಮ ದೊಡ್ಡಬಳ್ಳಾಪುರದ ಮನೆಗಳಲ್ಲಿ ಯಾರಾದರೂ ತಲೆಯೆತ್ತಿ ನೋಡೇ ನೋಡುತ್ತಾರೆ. ಹಿತ್ತಲಲ್ಲಿ ಬದನೆ ಸಸಿಗೆ ನೀರು ಹಾಕುತ್ತಿದ್ದವನು ಒಳಗೆ ಬಂದೆ. ಅಪ್ಪ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತೇ ಇದ್ದ. ಲಾಳಿ ನೆಲಕ್ಕೆ ಬಿದ್ದಿತ್ತು. ತನ್ನ ಬಲಗೈಯನ್ನು ಬೇರೆ ಯಾರದೋ ವಸ್ತುವಿನಂತೆ ನೋಡುತ್ತಿದ್ದ. ಏನಾಯ್ತಪ್ಪ ಅಂದೆ. ಬಾಯಿ ಸೊಟ್ಟಗಾಯಿತು. ಮಾತು ಬರಲಿಲ್ಲ.

ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಯುದ್ಧದಿಂದಾಗಿ ಪೆಟ್ರೋಲ್ ಸಿಗುತ್ತಿರಲಿಲ್ಲ. ಏರು ಬಂದಾಗಲೆಲ್ಲ ಗಂಡಸರು ಇಳಿದು ತಳ್ಳಬೇಕು. ನಾನೂ ತಳ್ಳಿದೆ. ತಳ್ಳುತ್ತಾ ಕಿಟಕಿಯಲ್ಲಿ ಅಮ್ಮನ ಮುಖ ಮಾತ್ರ ನೋಡುತ್ತಿದ್ದೆ. ಅವಳು ಅತ್ತರೆ ಅಪ್ಪ ಹೋದ ಅಂತ ಲೆಕ್ಕ. ಅವಳು ಅಳಲಿಲ್ಲ.

ಮೂರು ವಾರ ವಾರ್ಡಿನಲ್ಲಿದ್ದೆವು. ಡಿಸ್ಚಾರ್ಜ್ ದಿನ ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದರು.

"ಸ್ಟ್ರೋಕು. ಪ್ರಾಣಕ್ಕೇನೂ ಭಯ ಇಲ್ಲ. ಕಾಲು ಬರುತ್ತೆ, ಮಾತೂ ಬರುತ್ತೆ. ಕೈ ಮಾತ್ರ ಹೇಳಕ್ಕಾಗಲ್ಲ. ಆಡಿಸ್ತಾ ಇದ್ರೆ ಉಂಟು. ಸುಮ್ನೆ ಬಿಟ್ರೆ ಕಟ್ಟಿಗೆ ಥರ ಬಿಗಿದುಕೊಳ್ಳುತ್ತೆ. ಎರಡು ಮೂರು ತಿಂಗಳೊಳಗೆ ಏನು ಬಂತೋ ಅಷ್ಟೇ."

ಎರಡು ಮೂರು ತಿಂಗಳು.

ನರ್ಸಮ್ಮ ಒಂದು ರಬ್ಬರ್ ಚೆಂಡು ಕೊಟ್ಟಿದ್ದರು, ಬೆಳಿಗ್ಗೆ ಸಂಜೆ ಹಿಂಡಿಸಿ ಎಂದು. ಮನೆಗೆ ಬಂದ ಮೇಲೆ ಅಪ್ಪ ಅದನ್ನು ಎಡಗೈಯಿಂದ ಮಂಚದ ಕೆಳಗೆ ತಳ್ಳಿಬಿಟ್ಟ. ಮಾತು ತೊದಲಾಗಿಯಾದರೂ ಮರಳಿತ್ತು. "ನಾನೇನ್ ಮಗೂನಾ?" ಅಂದ. ಬಲಗೈಯನ್ನು ಸದಾ ಟವೆಲಿನಡಿ ಮುಚ್ಚಿಟ್ಟುಕೊಳ್ಳುತ್ತಿದ್ದ. ಯಾರಾದರೂ ನೋಡಲು ಬಂದರೆ ಗೋಡೆಯ ಕಡೆ ತಿರುಗುತ್ತಿದ್ದ.

ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ. ನನಗೆ ಹತ್ತೊಂಬತ್ತು ವರ್ಷ. ಮಗ್ಗ ಒಗ್ಗಲಿಲ್ಲ, ಗಿಡದ ಹುಚ್ಚು ಹಿಡಿದಿತ್ತು. ಯಾರೂ ಕಲಿಸಿದ್ದಲ್ಲ. ಎರಡು ಹರಕು ಪುಸ್ತಕ, ಸತ್ತುಹೋದ ನೂರು ಸಸಿ, ಇವೇ ನನ್ನ ಗುರುಗಳು. ಮಣ್ಣಿಗೆ ಕೈಯಿಟ್ಟವನ ಮನಸ್ಸು ನಿಲ್ಲುತ್ತದೆ ಎಂಬುದು ನನ್ನ ಮೇಲೇ ನೋಡಿ ತಿಳಿದ ಮಾತು. ಅಪ್ಪನಿಗೂ ಅದೇ ಮದ್ದು ಎಂದುಕೊಂಡೆ. ಮಂಚ ಎತ್ತಿ ಹಿತ್ತಲಿಗೆ ತಂದು ಚಕ್ಕೋತದ ಮರದಡಿ ಹಾಕಿದೆ. ಅಮ್ಮ ಮದುವೆಯಾಗಿ ಬರುವಾಗ ದೇವನಹಳ್ಳಿಯಿಂದ ತಂದ ಗಿಡ ಅದು.

ಬುಟ್ಟಿಯಲ್ಲಿ ಪುಡಿಮಣ್ಣು ತುಂಬಿ ಅಪ್ಪನ ಮುಂದಿಟ್ಟೆ. ಬಲಗೈ ಹಿಡಿದು ಅದರಲ್ಲಿ ಇಳಿಸಿದೆ.

"ರೇಷ್ಮೆ ಹಿಡ್ದ ಕೈಗೆ ಮಣ್ಣು ಹಿಡಿಸ್ತೀಯೇನ್ಲಾ?"

ಕೈ ಎಳೆದುಕೊಂಡು ಮತ್ತೆ ಟವೆಲಿನಡಿ ಮುಚ್ಚಿಕೊಂಡ. ಬೆರಳುಗಳು ಒಳಕ್ಕೆ ಮಡಚತೊಡಗಿದ್ದವು. ಒಂದು ತಿಂಗಳು ಮುಗಿದಿತ್ತು.

ನಾನು ಬಿಡುವವನಲ್ಲ. ಮಳೆ ಹಿಡಿಯುತ್ತಲೇ ಚಕ್ಕೋತಕ್ಕೆ ಗೂಟಿ ಕಟ್ಟಿದೆ. ಕೊಂಬೆಯ ತೊಗಟೆಯನ್ನು ಉಂಗುರದಗಲ ಸುಲಿದು, ಗೊಬ್ಬರದ ಮಣ್ಣು ಮೆತ್ತಿ, ಗೋಣಿ ಸುತ್ತಿ ಕಟ್ಟಿದರೆ ಮರದ ಮೇಲೇ ಬೇರು ಬಿಡುತ್ತದೆ. ಆ ಮಣ್ಣು ಒಣಗಬಾರದು. ಅದಕ್ಕೆ ತೂತಿನ ಕುಡಿಕೆಯೊಂದನ್ನು ಮೇಲೆ ತೂಗುಹಾಕಿ, ತೂತಿನೊಳಗಿಂದ ಬತ್ತಿ ಇಳಿಬಿಡಬೇಕು. ನೀರು ಬತ್ತಿ ಹಿಡಿದು ತೊಟ್ಟು ತೊಟ್ಟಾಗಿ ಇಳಿಯುತ್ತದೆ. ನೇಕಾರನ ಮಗ ನಾನು, ಬತ್ತಿಗೆ ಬೇರೆಲ್ಲಿಗೆ ಯಾಕೆ ಹೋಗಲಿ? ಮಗ್ಗದ ಪಕ್ಕ ಉಳಿದಿದ್ದ ಕಚ್ಚಾ ರೇಷ್ಮೆಯನ್ನು ಹೊಸೆದು ಪೋಣಿಸಿದೆ. ಚಕ್ಕೋತಕ್ಕೆ ಹೆಸರಾದ ದೇವನಹಳ್ಳಿಯವರೂ ಇಂಥದ್ದು ಮಾಡಿರಲಾರರು ಎಂದು ಹೆಮ್ಮೆಪಟ್ಟೆ.

ನಾಲ್ಕನೇ ದಿನ ಹಿಂದಿನಿಂದ ವಿಚಿತ್ರ ಸದ್ದು ಕೇಳಿತು. ಇನ್ನೊಂದು ಸ್ಟ್ರೋಕೇ ಎಂದು ಹೆದರಿ ತಿರುಗಿದೆ.

ಅಪ್ಪ ನಗುತ್ತಿದ್ದ.

"ಮೂರ್ ದಿನದಿಂದ ನೋಡ್ತಾ ಇವ್ನಿ. ಕುಡಿಕೆಗೆ ನೀರೇ ತುಂಬ್ಲಿಲ್ಲ ನೀನು. ಯಾಕೇಳು?"

"ಇನ್ನೂ ತುಂಬೈತಪ್ಪ."

"ಇರ್ದೆ ಏನಾಗುತ್ತೆ? ಬೇಯಿಸ್ದಿರೋ ರೇಷ್ಮೆ ಕಣೋ ಅದು. ಮೈಯೆಲ್ಲ ಅಂಟು. ನೀರ್ ಕುಡಿಯುತ್ತಾ? ತೂತಿಗೆ ಬಿರಡೆ ಹಾಕ್ದಂಗೆ ಹಾಕಿದ್ದೀಯ."

ಅಮ್ಮ ಬಾಗಿಲಿಗೆ ಬಂದಳು. "ನೇಕಾರ್ರ ಮನೇಲಿ ಹುಟ್ಟಿದ ಮಗ ನೋಡ್ರಪ್ಪಾ!" ಎಂದು ಅವಳೂ ನಕ್ಕಳು. ಗೋಣಿ ಬಿಚ್ಚಿ ನೋಡಿದರೆ ಮಣ್ಣು ಬಿರಿದಿತ್ತು.

"ಹತ್ತಿ ನೂಲು ತತ್ತಾ ಇಲ್ಲಿ," ಅಂದ ಅಪ್ಪ.

ಎಳೆಗಳನ್ನು ತೊಡೆಯ ಮೇಲೆ ಹರಡಿಕೊಂಡ. ಬತ್ತಿ ಹೊಸೆಯಲು ಅಂಗೈ ಬೇಕು. ಎಡಗೈಯಲ್ಲಿ ಹೊಸೆದ, ಹುರಿ ತಿರುವುಮುರುವಾಯಿತು, ಬೈದುಕೊಂಡ. ಆಮೇಲೆ ಟವೆಲು ಸರಿಸಿದ. ಬಲಗೈಯನ್ನು ನೂಲಿನ ಮೇಲಿಟ್ಟು, ಅದರ ಮೇಲೆ ಎಡಗೈ ಒತ್ತಿ, ಮೊಣಕಾಲಿನವರೆಗೆ ಉಜ್ಜಿದ. ಮಡಚಿದ ಬೆರಳು ನೂಲಿನ ಮೇಲೆ ಚಪ್ಪಟೆಯಾಗಲೇಬೇಕಾಯಿತು. ಹೊಗಳಿದರೆ ನಿಲ್ಲಿಸುತ್ತಾನೆ ಎಂದು ಗೊತ್ತಿತ್ತು. "ಸಣ್ಣದಾಯ್ತು," ಅಂದೆ. "ಇನ್ನೊಂದು ಹೊಸಿ."

ಆ ಮಳೆಗಾಲ ನಾನು ಬೇಕಾದ್ದಕ್ಕಿಂತ ಹೆಚ್ಚು ಗೂಟಿ ಕಟ್ಟಿದೆ. ಪ್ರತಿ ಕುಡಿಕೆಗೂ ಹೊಸ ಬತ್ತಿ ಬೇಕೆಂದು ಪುಸ್ತಕದಲ್ಲಿದೆ ಎಂದೆ. ಪುಸ್ತಕದಲ್ಲಿ ಹಾಗೇನೂ ಇರಲಿಲ್ಲ. ಬತ್ತಿಯಾದ ಮೇಲೆ ಗೋಣಿಯ ಗಂಟು. ನನ್ನ ಗಂಟು ನೋಡಲಾರದೆ ಅಪ್ಪ ಕೋಲೂರಿ ಎದ್ದು ಬಂದು ತಾನೇ ಬಿಗಿದ, ಬಲ ಹೆಬ್ಬೆರಳಿನಿಂದ ಅದುಮಿ ಹಿಡಿದು. ಗೋಣಿಯಿಂದ ಬಿಳಿ ಬೇರು ಇಣುಕಿದ ದಿನ ಅದನ್ನು ಬಲಗೈ ಬೆರಳಲ್ಲಿ ಮುಟ್ಟಿ, "ತಣ್ಣಗೈತೆ," ಅಂದ.

ಆ ಕೈಗೆ ತಣ್ಣಗಿರುವುದು ಗೊತ್ತಾಯಿತು!

ಮತ್ತೆ ಆಸ್ಪತ್ರೆಗೆ ತೋರಿಸಲು ಹೋದಾಗ ಡಾಕ್ಟರು ಕೈ ತಿರುಗಿಸಿ ನೋಡಿ, ಚೆಂಡು ಚೆನ್ನಾಗಿ ಕೆಲಸ ಮಾಡಿದೆ ಎಂದರು. ನಾವು ತಂದೆ ಮಗ ಮುಖ ನೋಡಿಕೊಂಡೆವು. "ಹಿಡಿತ ಬಂದಿದೆ, ಆದ್ರೆ ವೇಗ ಬರಲ್ಲ," ಎಂದೂ ಹೇಳಿದರು.

ಅಪ್ಪ ನಂಬಲಿಲ್ಲ. ಮಾರನೆಯ ಬೆಳಿಗ್ಗೆ ತಾನೇ ಮಗ್ಗಕ್ಕೆ ಇಳಿದ. ಲಾಳಿ ಎಸೆದ. ಅದು ಅರ್ಧಕ್ಕೆ ನಿಂತಿತು. ಮತ್ತೆ ಎಸೆದ. ಮತ್ತೆ ಅರ್ಧಕ್ಕೆ. ಅಮ್ಮ ಒಲೆಯ ಮುಂದೆ ಕದಲದೆ ಕೂತಿದ್ದಳು. ಮತ್ತೆ ಗೋಡೆಯ ಕಡೆ ತಿರುಗಿಬಿಡುತ್ತಾನೆ ಎಂದುಕೊಂಡೆ.

ಅಪ್ಪ ಮೇಲೆದ್ದು ಬಂದು ಲಾಳಿಯನ್ನು ನನ್ನ ಕೈಗಿಟ್ಟ.

"ಇನ್ ಮೇಲೆ ನೀನ್ ಕೂತ್ಕೋ. ಗಿಡ ನಾನ್ ನೋಡ್ಕೊಳ್ತೀನಿ."

ಇದನ್ನು ನಾನು ಎಣಿಸಿರಲಿಲ್ಲ. ಹಿತ್ತಲು ನನ್ನದಾಗಿತ್ತು. ಅಪ್ಪನ ಮದ್ದಿಗೆ ಅದನ್ನೇ ತೆತ್ತಂತಾಯಿತು, ಎರಡು ದಿನ ಸಂಕಟವಾದದ್ದೂ ನಿಜ. ಆದರೂ ಕೂತೆ. ಈಗ ಮೂರು ತಿಂಗಳಾಯಿತು. ಅಪ್ಪ ಗಿಡಗಳಿಗೆ ನೀರು ಜಾಸ್ತಿ ಹಾಕುತ್ತಾನೆ; ನಾನು ಗುಂಡಿಯಿಂದಲೇ ಕೂಗುತ್ತೇನೆ. ಅವನು ಮಣ್ಣುಕೈಯನ್ನು ಪಂಚೆಗೆ ಒರೆಸಿಕೊಂಡು ಒಳಗೆ ಬಂದು, ಬಗ್ಗಿ ನನ್ನ ಸೀರೆಯಂಚು ನೋಡುತ್ತಾನೆ. ಯಾವ ಎಳೆ ತಪ್ಪಿದೆಯೋ ಸರಿಯಾಗಿ ಅದೇ ಎಳೆಯ ಮೇಲೆ ಬೆರಳಿಡುತ್ತಾನೆ.

ಬಲಗೈಯ ಬೆರಳು.