ಊರಿನ ಪರವಾಗಿ ಒಬ್ಬಳು

ನಮ್ಮೂರು ಲೊಕ್ಕನಹಳ್ಳಿಯಿಂದ ಒಳಗೆ, ಕಾಡಿನ ಮಗ್ಗುಲಲ್ಲಿದೆ. ಇಲ್ಲಿ ಪಂಚಾಯ್ತಿ ಸೇರಿದರೆ ಒಂದು ಕಡೆಯಿಂದ ಒಬ್ಬರೇ ಮಾತಾಡಬೇಕು. ಮಿಕ್ಕವರು ಬಾಯಿ ತೆರೆದರೆ, ಆಡಿದವರ ಮೇಲೆ ನಂಬಿಕೆಯಿಲ್ಲ ಎಂದೇ ಅರ್ಥ. ಹಾಗಾಗಿ ಎಲ್ಲರೂ ನೆಲ ನೋಡುತ್ತಾ ಕೂತಿರುತ್ತಾರೆ. ಅವರು ಸುಮ್ಮನಿದ್ದಷ್ಟೂ ಆಡುವವರ ಮಾತಿಗೆ ತೂಕ. ಸೊಸೆಯಾಗಿ ಬಂದ ಹೊಸತರಲ್ಲಿ ಇದನ್ನು ಕಂಡು ನಗುತ್ತಿದ್ದೆ. ಆಮೇಲೆ ನನಗೂ ಅದೇ ರೂಢಿಯಾಯಿತು.

ಹೋದ ವರ್ಷ ಊರ ಹಿಂದಿನ ಗುಡ್ಡದಲ್ಲಿ ಕರಿಕಲ್ಲಿನ ಕ್ವಾರಿ ಮಾಡುತ್ತಾರೆಂದು ಸುದ್ದಿ ಬಂತು. ಗುಡ್ಡದ ಬುಡದ ಹಳ್ಳಕ್ಕೇ ನಮ್ಮ ದನಗಳು ನೀರಿಗೆ ಹೋಗುವುದು. ಆ ದಾರಿ ಮುಚ್ಚಿದರೆ ನನ್ನ ಎರಡು ಹಸುಗಳನ್ನು ಮಾರಲೇಬೇಕು. ಬೇರೆಯವರಿಗೆ ಹಸು ಹೋದರೆ ಹಾಲು ಹೋದೀತು. ನನಗೆ ಹಾಗಲ್ಲ. ಗಂಡ ತೀರಿಕೊಂಡ ಮೇಲೆ, ಅಂಗನವಾಡಿಯ ಮಕ್ಕಳನ್ನು ಕಳಿಸಿ ಮನೆಗೆ ಬಂದರೆ ನಾನು ಮಾತಾಡುವುದು ಅವುಗಳ ಜೊತೆ ಮಾತ್ರ. ಬೈಯುವುದೂ ಅವುಗಳನ್ನೇ.

ಕ್ವಾರಿಗೆ ಅನುಮತಿ ಕೊಡುವ ಮುಂಚೆ ಜನರ ಅಹವಾಲು ಕೇಳಬೇಕೆಂದು ಸರ್ಕಾರದವರು ಶಾಲೆಯ ಮೈದಾನದಲ್ಲಿ ಸಭೆ ಕರೆದರು. ಶಾಮಿಯಾನ, ಮೈಕು, ವಿಡಿಯೋ ಎಲ್ಲ ಇತ್ತು. ಕೆಲಸ ಬಿಟ್ಟು ಊರಿಗೆ ಊರೇ ಬಂದಿತ್ತು. ಓದು ಬರಹ ಬಲ್ಲವಳು, ಬಾಯಿಯೂ ಜೋರು, ನೀನೇ ಮಾತಾಡು ಎಂದು ಊರ ಯಜಮಾನರು ಮೊದಲೇ ನನಗೆ ಹೇಳಿಬಿಟ್ಟಿದ್ದರು. ಬಾಯಿ ಜೋರು ಅಂದದ್ದು ಹೊಗಳಿಕೆಯೋ ತೆಗಳಿಕೆಯೋ ನಾನು ಕೇಳಲಿಲ್ಲ.

ಹಳ್ಳದ ನೀರು, ಮೇವು, ಸಿಡಿಮದ್ದಿಗೆ ಬೆದರಿ ಹೊಲಕ್ಕೆ ನುಗ್ಗುವ ಆನೆ, ಎಲ್ಲವನ್ನೂ ಹೇಳಿದೆ. ಬೇರೆ ಯಾರಾದರೂ ಮಾತಾಡುತ್ತೀರಾ ಎಂದು ಅಧಿಕಾರಿ ಮತ್ತೆ ಮತ್ತೆ ಕೇಳಿದರು. ಯಾರೂ ಏಳಲಿಲ್ಲ. ಒಬ್ಬರೂ ಕೆಮ್ಮಲೂ ಇಲ್ಲ. ನಿಜ ಹೇಳುತ್ತೇನೆ, ನನಗೆ ಎದೆಯುಬ್ಬಿತು.

ಕೊನೆಗೆ ಅಧಿಕಾರಿ ಸಭೆಯ ವರದಿಯನ್ನು ಓದಿದರು. ಒಬ್ಬ ಮಹಿಳೆ ಆಕ್ಷೇಪಣೆ ಸಲ್ಲಿಸಿದ್ದಾರೆ, ಉಳಿದ ಗ್ರಾಮಸ್ಥರಿಂದ ಯಾವುದೇ ಆಕ್ಷೇಪಣೆ ಬಂದಿಲ್ಲ ಎಂದಿತ್ತು.

ನಾನು ದಡಬಡಿಸಿ ಎದ್ದು, ಇವರೆಲ್ಲ ನನ್ನ ಕಡೆಯವರೇ ಎಂದೆ. ಹಾಗಿದ್ದರೆ ಈಗಲಾದರೂ ಅವರೇ ಬಂದು ಹೇಳಲಿ, ಬರೆದುಕೊಳ್ಳುತ್ತೇವೆ ಎಂದರು ಅಧಿಕಾರಿ. ಒರಟಾಗೇನೂ ಹೇಳಲಿಲ್ಲ. ನಾನು ತಿರುಗಿ ಜನರನ್ನು ಕರೆದೆ. ಹೆಸರು ಹಿಡಿದು ಕೂಗಿದೆ. ಸಿಟ್ಟು ನೆತ್ತಿಗೇರಿ ಬೈದೂ ಬಿಟ್ಟೆ. ಬೈದಷ್ಟೂ ಅವರು ತಲೆ ತಗ್ಗಿಸಿದರು. ಯಜಮಾನರು ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ನೀ ಆಡಿದ್ ಮ್ಯಾಲ ನಾವೂ ಬಾಯಾಕುದ್ರ ನಿನ್ ಮಾತ್ಗ ಏನವ್ವ ಮರ್ವಾದಿ?"

ಒಬ್ಬೊಬ್ಬರೂ ಹೇಳಿದರೇ ಲೆಕ್ಕಕ್ಕೆ ಬರುವುದು ಎಂದು ನಾನು ಬಿಡಿಸಿ ಹೇಳಿದೆ. ಹೆದರಿದವಳಿಗೆ ಧೈರ್ಯ ಹೇಳುವಂತೆ ಅವರು ನನ್ನ ತಲೆ ಸವರಿದರು. ಅಷ್ಟರಲ್ಲಿ ಮೈಕು ಬಿಚ್ಚಿದರು. ಅಷ್ಟೊಂದು ಜನ ನನ್ನ ಬೆನ್ನಿಗಿದ್ದರು. ನನಗೆ ಮಾತ್ರ ಗಂಡನನ್ನು ಮಣ್ಣು ಮಾಡಿ ಬಂದ ದಿನಕ್ಕಿಂತ ಹೆಚ್ಚು ಒಂಟಿ ಅನ್ನಿಸಿತು.

ಕ್ವಾರಿಗೆ ಅನುಮತಿ ಸಿಕ್ಕಿತು. ಹಳ್ಳದ ದಾರಿಗೆ ತಂತಿಬೇಲಿ ಬಿತ್ತು. ಹಸುಗಳನ್ನು ಹನೂರಿನ ಕಡೆಯವರು ಬೆಲೆ ಕೊಟ್ಟು ಹೊಡೆದುಕೊಂಡು ಹೋದರು. ಅವತ್ತು ಸಂಜೆ ಯಜಮಾನರು ಬಂದು, ಖಾಲಿ ಕೊಟ್ಟಿಗೆ ನೋಡಿ, ಜಗಲಿಯ ಮೇಲೆ ಕೂತರು. ಅವರ ಕಣ್ಣಲ್ಲಿ ನೀರಿತ್ತು.

"ಅಷ್ಟು ಚೆಂದಾಗಿ ಆಡ್ದಲ್ಲವ್ವ, ಆದ್ರೂವ ಕೊಟ್ಬುಟ್ರು," ಎಂದರು. "ನಾವಂತೂವ ಒಬ್ರೂ ತುಟಿ ಪಿಟಕ್ ಅನ್ನಿಲ್ಲ. ನೋಡ್ದಲ್ಲ ನೀನು."

"ನೋಡ್ದಿ ಮಾವ," ಎಂದು ಅವರಿಗೆ ಟೀ ಕಾಯಿಸಲು ಒಳಗೆ ಹೋದೆ.